ಹಳೆಯ ಪಿಕಪ್‌ಗೆ ಹೊಸ ಪಾಟಾ: ಲಾಭದ ಲೆಕ್ಕ ತಪ್ಪುವುದೆಲ್ಲಿ?

ಹಾವೇರಿ ಜಿಲ್ಲೆಯ ವ್ಯಾಪಾರದಲ್ಲಿ ಪಿಕಪ್ ವಾಹನದ ಪಾತ್ರ ನಿರ್ವಿವಾದವಾದುದು. ಸೋಮವಾರ ಮತ್ತು ಗುರುವಾರ ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಬರುವುದು, ರಾಣೆಬೆನ್ನೂರಿನ ಅಂಗಡಿಗಳಿಂದ ಬಿತ್ತನೆ ಬೀಜ ಮತ್ತು ಗೊಬ್ಬರ ಹಳ್ಳಿಗಳಿಗೆ ಹೋಗುವುದು, ಸುಗ್ಗಿಯ ಕಾಲದಲ್ಲಿ ಹೊಲದ ಕಣದಿಂದ ಮೆಕ್ಕೆಜೋಳ ಹೆದ್ದಾರಿಯವರೆಗೆ ತಲುಪುವುದು, ಇವೆಲ್ಲವೂ ಬಹುಮಟ್ಟಿಗೆ ಈ ಸಣ್ಣ ವಾಹನಗಳಿಂದಲೇ ಸಾಧ್ಯವಾಗಿವೆ. ಕೆಎ-27 ಮತ್ತು ಕೆಎ-68 ಫಲಕ ಹೊತ್ತ ಇಂತಹ ವಾಹನಗಳಲ್ಲಿ ಹತ್ತು ಹದಿನೈದು ವರ್ಷ ದುಡಿದವೂ ಇವೆ. ಹೊಸ ವಾಹನದ ಬೆಲೆ ಏರಿದಂತೆಲ್ಲ ಹಳೆಯದನ್ನೇ ಇನ್ನಷ್ಟು ಕಾಲ ಓಡಿಸುವ ಪ್ರವೃತ್ತಿ ಸಹಜ. ಅದರ ಜೊತೆಯಲ್ಲೇ ಬೆಳೆದು ಬಂದಿರುವ ಇನ್ನೊಂದು ರೂಢಿಯೆಂದರೆ ಗ್ಯಾರೇಜಿನಲ್ಲಿ ವಾಹನವನ್ನು ‘ಗಟ್ಟಿ’ ಮಾಡಿಸುವುದು. ಹಿಂದಿನ ಕಮಾನಿಗೆ ಎರಡು ಪಾಟಾ ಹೆಚ್ಚು ಹಾಕಿಸುವುದು, ಶ್ಯಾಕಲ್ ಉದ್ದ ಮಾಡಿಸಿ ವಾಹನವನ್ನು ಎತ್ತರಿಸುವುದು, ದಪ್ಪ ಟೈರು ತೊಡಿಸುವುದು ಮತ್ತು ಕೈಬಲದ ಸ್ಟೇರಿಂಗ್ ತೆಗೆದು ಪವರ್ ಸ್ಟೇರಿಂಗ್ ಕೂಡಿಸುವುದು ಈ ರೂಢಿಯ ಮುಖ್ಯ ಅಂಗಗಳು.

ಇದರ ಖರ್ಚನ್ನು ಮಾಲೀಕರು ಗ್ಯಾರೇಜಿನ ಬಿಲ್ಲಿನಿಂದ ಅಳೆಯುತ್ತಾರೆ. ಆದಾಯವನ್ನು ಪ್ರತಿ ಟ್ರಿಪ್ಪಿಗೆ ಹೆಚ್ಚು ಸಾಗುವ ಚೀಲಗಳಿಂದ ಅಳೆಯುತ್ತಾರೆ. ಈ ಎರಡು ಅಂಕಿಗಳಷ್ಟನ್ನೇ ನೋಡಿದರೆ ಲಾಭ ಕಾಣುವುದು ನಿಜ. ಆದರೆ ಕಾನೂನು, ವಿಮೆ, ತೆರಿಗೆ ಮತ್ತು ವಾಹನದ ಆಯುಷ್ಯ ಎಂಬ ನಾಲ್ಕು ಬಾಬುಗಳು ಈ ಲೆಕ್ಕದ ಪುಸ್ತಕದಲ್ಲಿ ಬರೆಯಲ್ಪಡುವುದೇ ಇಲ್ಲ. ಅವನ್ನೂ ಬರೆದು ನೋಡಿದಾಗ ದುರಸ್ತಿ ಲಾಭದಾಯಕವೆಂದೂ, ಮಿತಿ ಮೀರಿದ ಮಾರ್ಪಾಡು ನಷ್ಟದ ಬಾಬತ್ತೆಂದೂ ಸ್ಪಷ್ಟವಾಗುತ್ತದೆ.

ಬೇಡಿಕೆಯ ಮೂಲ

ಮಾರ್ಪಾಡು ಮಾಡಿಸುವವರೆಲ್ಲರೂ ದುರಾಸೆಯವರೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಚಕ್ರ ಹೂತುಹೋಗುತ್ತದೆ. ಹಾನಗಲ್ ಭಾಗದ ಮಲೆನಾಡ ಸೆರಗಿನ ರಸ್ತೆಗಳಲ್ಲಿ ವಾಹನದ ಹೊಟ್ಟೆ ಕಲ್ಲಿಗೆ ತಾಗುತ್ತದೆ. ಕೈಬಲದ ಸ್ಟೇರಿಂಗ್ ಇರುವ ಹಳೆಯ ಪಿಕಪ್‌ನ್ನು ತುಂಬಿದ ಭಾರದೊಡನೆ ಮಾರುಕಟ್ಟೆ ಪ್ರಾಂಗಣದ ಇಕ್ಕಟ್ಟಿನಲ್ಲಿ ಹಿಂದೆ ಮುಂದೆ ತಿರುಗಿಸುವಾಗ ಐವತ್ತು ದಾಟಿದ ಚಾಲಕನ ಭುಜ ಸೋಲುತ್ತದೆ. ಇವು ನಿಜವಾದ ತೊಂದರೆಗಳೇ.

ಆದರೆ ಸರಕಿನ ಸ್ವಭಾವವನ್ನು ಗಮನಿಸಿದರೆ ಪರಿಹಾರ ಬೇರೆ ಕಡೆ ಇರುವುದು ತಿಳಿಯುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಹಗುರವಾದ, ಹೆಚ್ಚು ಜಾಗ ಬೇಡುವ ಸರಕು. ಅದನ್ನು ಹೊತ್ತ ವಾಹನದಲ್ಲಿ ತೂಕಕ್ಕಿಂತ ಎತ್ತರದ ಸಮಸ್ಯೆ ದೊಡ್ಡದು. ಚೀಲಗಳು ಮೇಲೇರಿದಂತೆ ಭಾರಕೇಂದ್ರವೂ ಮೇಲೇರುತ್ತದೆ. ಅದರ ಮೇಲೆ ವಾಹನವನ್ನೂ ಎತ್ತರಿಸಿದರೆ ತಿರುವಿನಲ್ಲಿ ಮಗುಚುವ ಸಂಭವ ಇನ್ನೂ ಹೆಚ್ಚುತ್ತದೆ. ಮೆಣಸಿನಕಾಯಿಗೆ ಬೇಕಾದುದು ಹೆಚ್ಚು ಪಾಟಾ ಅಲ್ಲ, ಚೀಲ ಪೇರಿಸುವ ಎತ್ತರಕ್ಕೆ ಮಿತಿ ಮತ್ತು ಬಿಗಿಯಾದ ಹಗ್ಗ.

ಮೆಕ್ಕೆಜೋಳದ ಲೆಕ್ಕ ಇದಕ್ಕೆ ವ್ಯತಿರಿಕ್ತವಾದುದು. ಒಂದು ಘನ ಮೀಟರ್ ಜಾಗದಲ್ಲಿ ಅದು ಸುಮಾರು 720 ಕಿಲೋ ತೂಗುತ್ತದೆ. ಎರಡೂವರೆ ಮೀಟರ್ ಉದ್ದ, 1.7 ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ಬಾಡಿಯನ್ನು ಅಂಚಿನ ಮಟ್ಟಕ್ಕೆ ತುಂಬಿದರೆ ಅದರ ಭಾರ ಒಂದೂವರೆ ಟನ್ನು. ಹಳೆಯ ಪಿಕಪ್‌ಗಳಲ್ಲಿ ಹಲವಕ್ಕೆ ಇಷ್ಟು ಹೊರುವ ಅನುಮತಿಯೇ ಇರುವುದಿಲ್ಲ. ಬಾಡಿ ಇನ್ನೂ ತುಂಬಿಲ್ಲವೆಂದು ಕಣ್ಣಿಗೆ ಕಾಣುವಾಗಲೇ ತೂಕದ ಮಿತಿ ಮೀರಿರುತ್ತದೆ. ಮೆಣಸಿನಕಾಯಿಯ ಕಾಲದಲ್ಲಿ ಚೀಲ ಎಣಿಸಿ ಬಾಡಿಗೆ ಮಾತನಾಡುವ ಅಭ್ಯಾಸ ಮೆಕ್ಕೆಜೋಳದ ಕಾಲಕ್ಕೂ ಮುಂದುವರಿದುದರಿಂದಲೇ ಹೆಚ್ಚುವರಿ ಪಾಟಾದ ಬೇಡಿಕೆ ಹುಟ್ಟಿದೆ ಎಂದರೆ ತಪ್ಪಾಗಲಾರದು.

ಪಾಟಾ ಹೆಚ್ಚಿದ ಮಾತ್ರಕ್ಕೆ ವಾಹನದ ಶಕ್ತಿ ಹೆಚ್ಚದು

ಒಂದೇ ದಪ್ಪ, ಒಂದೇ ಉದ್ದದ ಆರು ಪಾಟಾಗಳಿರುವ ಕಮಾನಿಗೆ ಅಂತಹವೇ ಎರಡನ್ನು ಸೇರಿಸಿದರೆ ಅದರ ಬಿಗಿ ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ. ಆದರೆ ಹೆಚ್ಚಿದ್ದು ಕಮಾನಿನ ಬಿಗಿ ಮಾತ್ರ. ಆಕ್ಸಲ್, ಬೇರಿಂಗು, ಟೈರು, ಚಾಸಿ ಮತ್ತು ಬ್ರೇಕು ಮೊದಲಿನಷ್ಟೇ ಇರುತ್ತವೆ. ಮೊದಲು ಭಾರ ಮಿತಿ ಮೀರಿದಾಗ ಹಿಂಭಾಗ ಕುಸಿದು ಎಚ್ಚರಿಕೆ ನೀಡುತ್ತಿತ್ತು. ಪಾಟಾ ಹೆಚ್ಚಿದ ಮೇಲೆ ಆ ಎಚ್ಚರಿಕೆಯೂ ಇಲ್ಲವಾಗುತ್ತದೆ. ಕಮಾನು ತಡೆದುಕೊಳ್ಳಬೇಕಾಗಿದ್ದ ಹೊಡೆತ ಚಾಸಿಗೆ ರವಾನೆಯಾಗಿ, ಕಮಾನಿನ ಬ್ರಾಕೆಟ್ ಬಳಿ ಬಿರುಕು ಕಾಣಿಸಿಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಭಾರವನ್ನು ಗ್ರಹಿಸಿ ಬ್ರೇಕಿನ ಒತ್ತಡವನ್ನು ಹಂಚುವ ವಾಲ್ವ್ ಇರುತ್ತದೆ. ಹಿಂಭಾಗ ಎಷ್ಟು ಕುಸಿದಿದೆ ಎಂಬುದನ್ನು ನೋಡಿ ಅದು ಹಿಂದಿನ ಚಕ್ರಗಳ ಬ್ರೇಕಿಗೆ ಒತ್ತಡ ಬಿಡುತ್ತದೆ. ಪಾಟಾ ಹೆಚ್ಚಿಸಿ ಅಥವಾ ಎತ್ತರಿಸಿ ಹಿಂಭಾಗ ಕುಸಿಯದಂತೆ ಮಾಡಿದರೆ ವಾಹನ ಖಾಲಿಯಿದೆ ಎಂದೇ ವಾಲ್ವ್ ತಿಳಿಯುತ್ತದೆ. ಪರಿಣಾಮವಾಗಿ ಅತಿ ಹೆಚ್ಚು ಭಾರವಿರುವ ಸಮಯದಲ್ಲೇ ಹಿಂದಿನ ಬ್ರೇಕು ಕಡಿಮೆ ಕೆಲಸ ಮಾಡುತ್ತದೆ. ಇದು ಗ್ಯಾರೇಜಿನ ಅಂಗಳದಲ್ಲಿ ಗೊತ್ತಾಗುವುದಿಲ್ಲ. ಮೋಟೆಬೆನ್ನೂರಿನ ಬಳಿ ಹೆದ್ದಾರಿಗೆ ಇಳಿದು ವೇಗ ಹಿಡಿದ ಮೇಲೆ ಗೊತ್ತಾಗುತ್ತದೆ.

ಸ್ಟೇರಿಂಗಿನ ಮೇಲೂ ಇದರ ಪರಿಣಾಮವಿದೆ. ಹಿಂಭಾಗವನ್ನಷ್ಟೇ ಎತ್ತರಿಸಿದಾಗ ಮುಂದಿನ ಚಕ್ರಗಳು ನೆಟ್ಟಗೆ ಓಡಲು ನೆರವಾಗುವ ಕಿಂಗ್ ಪಿನ್ನಿನ ಓರೆ ಕಡಿಮೆಯಾಗುತ್ತದೆ. ಆಗ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಹಿಂದಿರುಗದೆ, ವಾಹನ ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತದೆ. ಮುಂಭಾಗವನ್ನು ಎತ್ತರಿಸಿದರೆ ಡ್ರ್ಯಾಗ್ ಲಿಂಕಿನ ಕೋನ ಬದಲಾಗಿ, ಗುಂಡಿ ಹಾರಿದಾಗಲೆಲ್ಲ ಚಕ್ರ ತಾನೇ ತಿರುಗುತ್ತದೆ. ದಪ್ಪ ಟೈರು ಕಿಂಗ್ ಪಿನ್ ಮತ್ತು ಬೇರಿಂಗುಗಳನ್ನು ಬೇಗ ಸವೆಸುತ್ತದೆ. ಈ ಲಕ್ಷಣಗಳನ್ನು ಕಂಡು ‘ಸ್ಟೇರಿಂಗ್ ಕೆಟ್ಟಿದೆ’ ಎಂದು ಮತ್ತೆ ಗ್ಯಾರೇಜಿಗೆ ಹೋಗುವ ಮಾಲೀಕರು ಮೊದಲ ಮಾರ್ಪಾಡಿಗೆ ಎರಡನೆಯ ಬಿಲ್ಲು ತೆರುತ್ತಿರುತ್ತಾರೆ.

ಪವರ್ ಸ್ಟೇರಿಂಗ್: ಬೇಡಿಕೆ ಸರಿ, ವಿಧಾನ ಮುಖ್ಯ

ಪವರ್ ಸ್ಟೇರಿಂಗಿನ ವಿಷಯವನ್ನು ಪಾಟಾದೊಂದಿಗೆ ಸಮನಾಗಿ ಇಡಲಾಗದು. ಅದು ಚಾಲಕನ ಆಯಾಸ ಕಡಿಮೆ ಮಾಡುತ್ತದೆ. ಆಯಾಸ ಕಡಿಮೆಯಾದರೆ ಸುರಕ್ಷತೆಗೂ ಅನುಕೂಲ. ಆದರೆ ಕೈಬಲದ ಸ್ಟೇರಿಂಗಿಗಾಗಿ ರಚಿತವಾದ ಚಾಸಿಯ ಮೇಲೆ ಬೇರೊಂದು ವಾಹನದಿಂದ ತೆಗೆದ ಪವರ್ ಬಾಕ್ಸನ್ನು ವೆಲ್ಡಿಂಗ್ ಮಾಡಿ ಕೂಡಿಸಿದಾಗ, ಆ ಜಾಗಕ್ಕೆ ಹಿಂದೆಂದೂ ಬೀಳದಷ್ಟು ಒತ್ತಡ ಬೀಳುತ್ತದೆ. ಉದ್ದ ಹೊಂದದ ಡ್ರಾಪ್ ಆರ್ಮ್ ಅಥವಾ ಡ್ರ್ಯಾಗ್ ಲಿಂಕನ್ನು ಕಾಯಿಸಿ ಬಗ್ಗಿಸುವ ಪದ್ಧತಿ ಇನ್ನೂ ಅಪಾಯಕರ. ಹದಗೊಳಿಸಿದ ಉಕ್ಕು ಕಾವಿಗೆ ಸಿಕ್ಕಿ ತನ್ನ ಹದ ಕಳೆದುಕೊಳ್ಳುತ್ತದೆ. ಅದು ಮುರಿಯುವ ದಿನ ಮಿಸ್ತ್ರಿ ವಾಹನದಲ್ಲಿ ಇರುವುದಿಲ್ಲ.

ಆದುದರಿಂದ ಈ ಬದಲಾವಣೆ ಮಾಡಿಸಲೇಬೇಕೆಂದಿದ್ದರೆ, ತಯಾರಕರೇ ಅದೇ ಮಾದರಿಯನ್ನು ಪವರ್ ಸ್ಟೇರಿಂಗಿನೊಂದಿಗೆ ಮಾರಿದ್ದರೆ ಮಾತ್ರ, ಅದರ ಬಾಕ್ಸು, ಬ್ರಾಕೆಟ್ಟು, ಪಂಪು ಮತ್ತು ಆರ್ಮ್ ಎಲ್ಲವನ್ನೂ ಒಂದೇ ಮಾದರಿಯಿಂದ ಪಡೆದು, ಅಧಿಕೃತ ಕಾರ್ಯಾಗಾರದಲ್ಲಿ ಬಿಲ್ಲಿನೊಂದಿಗೆ ಜೋಡಿಸುವುದು ಯುಕ್ತ. ಅದಕ್ಕೂ ಮೊದಲು ಇನ್ನೊಂದು ಪರೀಕ್ಷೆ ಆಗಬೇಕು. ಹಳೆಯ ಪಿಕಪ್‌ನ ಸ್ಟೇರಿಂಗ್ ಭಾರವಾಗಲು ಸವೆದ ಕಿಂಗ್ ಪಿನ್, ಒಣಗಿದ ಬುಷ್, ಗ್ರೀಸ್ ಕಾಣದ ಜಾಯಿಂಟು ಮತ್ತು ಗಾಳಿ ಕಡಿಮೆಯಾದ ಟೈರು ಸಾಮಾನ್ಯ ಕಾರಣಗಳು. ಇವನ್ನು ಸರಿಪಡಿಸಿದ ಮೇಲೆ ಪವರ್ ಸ್ಟೇರಿಂಗಿನ ಅಗತ್ಯವೇ ಉಳಿಯದಿರಬಹುದು.

ಕಾನೂನಿನ ಬಾಬು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕನು ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂ ಅನುಸಾರ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಪಾಟಾಗಳ ಸಂಖ್ಯೆ ಆರ್‌ಸಿ ಪುಸ್ತಕದಲ್ಲಿ ಇಲ್ಲವಲ್ಲ ಎಂಬ ವಾದ ಕೇಳಿಬರುತ್ತದೆ. ಆದರೆ ಒಟ್ಟು ತೂಕದ ಮಿತಿ ಅದರಲ್ಲಿದೆ, ಮತ್ತು ಪಾಟಾ ಹಾಕಿಸಿದ್ದು ಆ ಮಿತಿಯನ್ನು ಮೀರಲಿಕ್ಕೇ ಆಗಿದ್ದರೆ ವಾದಕ್ಕೆ ಬಲವಿಲ್ಲ. ಹೆಚ್ಚು ಭಾರಕ್ಕೆ 194ನೆಯ ಕಲಂ ಅನ್ವಯ 20,000 ರೂಪಾಯಿ ದಂಡ, ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಮತ್ತು ಹೆಚ್ಚಿನ ಸರಕು ಇಳಿಸುವ ವೆಚ್ಚ ಬೀಳುತ್ತದೆ. ರಾಜಿಯ ಮೊತ್ತವನ್ನು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದರೂ ಕಾಯ್ದೆಯ ಹೊಣೆ ಇದೇ. ವ್ಯಾಪಾರಿಗಳು ಗಮನಿಸಬೇಕಾದ ಮಾತೊಂದು ಈ ಕಲಮಿನಲ್ಲಿದೆ: ಓಡಿಸಿದವನು ಮಾತ್ರವಲ್ಲ, ಹಾಗೆ ಓಡಿಸುವಂತೆ ಮಾಡಿದವನು ಅಥವಾ ಓಡಿಸಲು ಬಿಟ್ಟವನು ಸಹ ಹೊಣೆಗಾರ. ‘ಇನ್ನೈದು ಚೀಲ ಹಾಕು’ ಎಂದು ಹಮಾಲರಿಗೆ ಹೇಳುವ ಅಂಗಡಿಯವರು ತಮ್ಮನ್ನು ಹೊರಗಿನವರೆಂದು ಭಾವಿಸುವಂತಿಲ್ಲ.

ಇನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮವು ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಸಡಿಲ ಇರಕೂಡದೆಂದೂ, ಬಾಲ್ ಜಾಯಿಂಟುಗಳಿಗೆ ರಬ್ಬರಿನ ಕವಚ ಇರಬೇಕೆಂದೂ, ಬೋಲ್ಟು ಮತ್ತು ಪಿನ್ನುಗಳು ಭದ್ರವಾಗಿ ಲಾಕ್ ಆಗಿರಬೇಕೆಂದೂ ಹೇಳುತ್ತದೆ. ಸ್ಟೇರಿಂಗ್ ದುರಸ್ತಿ ಕೇವಲ ಅನುಮತಿಯಿರುವ ಕೆಲಸವಲ್ಲ, ಕಡ್ಡಾಯವಾದ ಕೆಲಸ. ಕಾನೂನು ಬೇಡವೆನ್ನುವುದಕ್ಕೆ ಹಣ ಸುರಿದು, ಬೇಕೆನ್ನುವುದಕ್ಕೆ ಹಣವಿಲ್ಲವೆನ್ನುವ ಸ್ಥಿತಿ ವಿಚಿತ್ರವಾದುದು.

ವಿಮೆಯ ಬಾಬು

ಅನುಮತಿ ಮೀರಿದ ಭಾರ ಹೊತ್ತ ವಾಹನದ ಸ್ವಂತ ಹಾನಿಯ ಕ್ಲೇಮನ್ನು ಅರ್ಹ ಮೊತ್ತದ ಶೇ. 75ಕ್ಕೆ ಮೀರದಂತೆ ಇತ್ಯರ್ಥಪಡಿಸುವ ಮಾರ್ಗಸೂಚಿಯನ್ನು ಸರ್ವೋಚ್ಚ ನ್ಯಾಯಾಲಯವು 2010ರ ಅಮಲೇಂದು ಸಾಹು ಪ್ರಕರಣದಲ್ಲಿ ಉಲ್ಲೇಖಿಸಿದೆ. ಮೂರನೆಯ ವ್ಯಕ್ತಿಗೆ ಪರಿಹಾರ ಕೊಡಬೇಕಾದ ಸಂದರ್ಭದಲ್ಲಿ ಪಾಲಿಸಿಯ ಷರತ್ತು ಗುರುತರವಾಗಿ ಉಲ್ಲಂಘನೆಯಾಗಿದೆ ಎಂದು ಸಿದ್ಧವಾದರೆ, ವಿಮಾ ಸಂಸ್ಥೆ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಲು ನ್ಯಾಯಾಲಯ ಅವಕಾಶ ನೀಡಬಹುದು. ಆಗ ಹೊಣೆ ವಾಹನದ ಬೆಲೆಗೆ ನಿಲ್ಲದೆ, ಅಂಗಡಿ ಮತ್ತು ಮನೆಯವರೆಗೂ ಬರುತ್ತದೆ.

ಉದಾಹರಣೆಯ ಲೆಕ್ಕವೊಂದನ್ನು ಇಲ್ಲಿ ಇಡಬಹುದು. ಪಾಟಾ ಹೆಚ್ಚಿಸಿದುದರಿಂದ ಪ್ರತಿ ಟ್ರಿಪ್ಪಿಗೆ 500 ಕಿಲೋ ಹೆಚ್ಚು ಸಾಗಿ, ಕಿಲೋಗೆ ಒಂದು ರೂಪಾಯಿಯಂತೆ 500 ರೂಪಾಯಿ ಹೆಚ್ಚು ಬಾಡಿಗೆ ಬಂದಿತೆಂದು ಇಟ್ಟುಕೊಂಡರೆ, ವರ್ಷಕ್ಕೆ ನೂರು ಟ್ರಿಪ್ಪಿಗೆ 50,000 ರೂಪಾಯಿ. ಒಮ್ಮೆ 20,000 ರೂಪಾಯಿ ದಂಡ ಬಿದ್ದರೆ ನಲವತ್ತು ಟ್ರಿಪ್ಪಿನ ಹೆಚ್ಚುವರಿ ಗಳಿಕೆ ಹೋಯಿತು. ನಾಲ್ಕು ಲಕ್ಷ ರೂಪಾಯಿಯ ಕ್ಲೇಮಿನಲ್ಲಿ ಕಾಲು ಭಾಗ ಕಡಿತವಾದರೆ ಎರಡು ವರ್ಷದ ಹೆಚ್ಚುವರಿ ಗಳಿಕೆ ಹೋಯಿತು. ಬೇಗ ಸವೆಯುವ ಟೈರು, ಹೆಚ್ಚುವ ಡೀಸೆಲ್ ಮತ್ತು ಚಾಸಿ ದುರಸ್ತಿಯನ್ನು ಇದರಲ್ಲಿ ಇನ್ನೂ ಸೇರಿಸಿಲ್ಲ.

ತೆರಿಗೆಯ ಬಾಬು

ಆದಾಯ ತೆರಿಗೆಯಲ್ಲಿ ದುರಸ್ತಿ ಮತ್ತು ಮಾರ್ಪಾಡಿನ ನಡುವಿನ ಭೇದ ಹಳೆಯದು. 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಇರುವ ಆಸ್ತಿಯನ್ನು ಕಾಪಾಡಿ ನಿರ್ವಹಿಸುವುದು ಚಾಲ್ತಿ ದುರಸ್ತಿ. ಹೊಸ ಆಸ್ತಿ ಅಥವಾ ಹೊಸ ಅನುಕೂಲ ಪಡೆಯುವುದು ಹಾಗಲ್ಲ ಎಂಬ ತತ್ವವನ್ನು ಹೇಳಿತು. ಮುರಿದ ಪಾಟಾ ಬದಲಿಸಿದ, ಕಿಂಗ್ ಪಿನ್ ಮತ್ತು ಬುಷ್ ಹಾಕಿಸಿದ ಖರ್ಚು ಆ ವರ್ಷವೇ ಪೂರ್ತಿ ಕಳೆಯಬಹುದಾದದ್ದು. ಪವರ್ ಸ್ಟೇರಿಂಗ್ ಹೊಸ ಅನುಕೂಲವಾದುದರಿಂದ ಬಂಡವಾಳ ವೆಚ್ಚವಾಗಿ, ಸವಕಳಿಯ ಮೂಲಕ ಮಾತ್ರ ಕಳೆಯಬಹುದೆಂಬ ಪ್ರಶ್ನೆ ಏಳುತ್ತದೆ.

ಇದಕ್ಕಿಂತ ಕಠಿಣವಾದ ನಿಯಮ ಇನ್ನೊಂದಿದೆ. ಕಾನೂನಿನಲ್ಲಿ ಅಪರಾಧವಾದ ಅಥವಾ ನಿಷೇಧಿತವಾದ ಉದ್ದೇಶಕ್ಕೆ ಮಾಡಿದ ಖರ್ಚು ವ್ಯಾಪಾರದ ಖರ್ಚೇ ಅಲ್ಲವೆಂದು 1961ರ ಆದಾಯ ತೆರಿಗೆ ಕಾಯ್ದೆಯ 37ನೆಯ ಕಲಮಿನ ವಿವರಣೆ ಹೇಳುತ್ತದೆ. 2025ರ ಹೊಸ ಕಾಯ್ದೆಯಲ್ಲೂ ಇದೇ ತತ್ವ ಉಳಿದಿದೆ. ಭಾರ ಮೀರಿದ್ದಕ್ಕೆ ತೆತ್ತ ದಂಡವನ್ನು ಖರ್ಚೆಂದು ಕಳೆಯಲಾಗದು. ಅನುಮತಿಯಿಲ್ಲದ ಮಾರ್ಪಾಡಿನ ಬಿಲ್ಲಿಗೂ ಇದೇ ಗತಿಯಾಗಬಹುದು. ಒಂದೇ ದಿನ ಒಬ್ಬರಿಗೆ 10,000 ರೂಪಾಯಿ ಮೀರಿ ನಗದು ಕೊಟ್ಟ ಖರ್ಚಿಗೂ ಸಾಮಾನ್ಯವಾಗಿ ಮಾನ್ಯತೆಯಿಲ್ಲ ಎಂಬುದು ಗ್ಯಾರೇಜಿನ ವ್ಯವಹಾರದಲ್ಲಿ ಹೆಚ್ಚು ಮರೆಯಲ್ಪಡುವ ಸಂಗತಿ.

ಬಿಲ್ಲಿಲ್ಲದ ಬಿಡಿಭಾಗ ಅಗ್ಗವೆಂಬ ನಂಬಿಕೆಯನ್ನೂ ಪರಿಶೀಲಿಸಬೇಕಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಸರಕು ಸಾಗಣೆ ವಾಹನಕ್ಕೆ ಸಂಬಂಧಿಸಿದ ಹೂಡುವಳಿ ತೆರಿಗೆ ಜಮೆಗೆ, ಪ್ರಯಾಣಿಕ ಕಾರುಗಳಿಗಿರುವಂತಹ ತಡೆಯಿಲ್ಲ. ತೆರಿಗೆಯಿಲ್ಲದ ಸರಕನ್ನಷ್ಟೇ ವ್ಯವಹರಿಸುವವರಿಗೆ ಈ ಜಮೆ ದೊರೆಯದಾದರೂ, ತೆರಿಗೆ ಬೀಳುವ ಸರಕಿನ ವ್ಯಾಪಾರಿಗೆ ಬಿಲ್ಲಿನ ಅಸಲಿ ಬಿಡಿಭಾಗವೇ ಅಗ್ಗವಾಗುವ ಸಂದರ್ಭಗಳಿವೆ.

ವ್ಯಾಪಾರಿಗಳ ಮತ್ತು ಸಂಸ್ಥೆಯ ಹೊಣೆ

2025ರ ಜನವರಿ 22ರ ಬೆಳಗಿನ ಜಾವ, ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೊತ್ತು ಹೊರಟ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಕಣಿವೆಗೆ ಉರುಳಿ ಕನಿಷ್ಠ ಹತ್ತು ಮಂದಿ ವ್ಯಾಪಾರಿಗಳು ಪ್ರಾಣ ಕಳೆದುಕೊಂಡರು. ಆ ದುರಂತಕ್ಕೂ ಮಾರ್ಪಾಡಿನ ವಿಷಯಕ್ಕೂ ಸಂಬಂಧ ಕಲ್ಪಿಸುವುದು ಸಲ್ಲದು. ಆದರೆ ಸರಕಿನ ವಾಹನ ಉರುಳಿದಾಗ ಸರಕಿನೊಡನೆ ಸರಕಿನ ಒಡೆಯನೂ ಇರುತ್ತಾನೆ ಎಂಬ ಸತ್ಯವನ್ನು ಅದು ಜಿಲ್ಲೆಗೆ ತಿಳಿಸಿಕೊಟ್ಟಿತು. ವಾಹನದ ಸುಸ್ಥಿತಿ ಕೇವಲ ಬಾಡಿಗೆಯವನ ಚಿಂತೆಯಲ್ಲ.

ಪಿಕಪ್ ಮಾಲೀಕನು ಪಾಟಾ ಹಾಕಿಸುವುದು ಬಹುಪಾಲು ಬಾಡಿಗೆ ಕೊಡುವವರ ಒತ್ತಡದಿಂದ. ಒಂದು ಟ್ರಿಪ್ಪಿನ ಬಾಡಿಗೆಯಲ್ಲಿ ಒಂದೂವರೆ ಟ್ರಿಪ್ಪಿನ ಸರಕು ಸಾಗಬೇಕೆಂಬ ಅಪೇಕ್ಷೆ ಇರುವವರೆಗೆ ಯಾವ ನಿಯಮವೂ ಗ್ಯಾರೇಜಿನ ಬಾಗಿಲು ಮುಚ್ಚಲಾರದು. ಬಾಡಿಗೆಯನ್ನು ಟ್ರಿಪ್ಪಿನ ಬದಲು ಕ್ವಿಂಟಲ್ ಮತ್ತು ದೂರದ ಲೆಕ್ಕದಲ್ಲಿ ಗೊತ್ತುಪಡಿಸಿ, ಮೆಕ್ಕೆಜೋಳ, ಗೊಬ್ಬರದಂತಹ ಭಾರದ ಸರಕಿಗೆ ಕಾಟಾದ ಚೀಟಿಯನ್ನು ಬಾಡಿಗೆ ಚೀಟಿಗೆ ಲಗತ್ತಿಸುವ ಪದ್ಧತಿ ಬಂದರೆ, ನಿಯಮ ಪಾಲಿಸುವ ಮಾಲೀಕನಿಗೆ ನಷ್ಟವಾಗದು. ಒಬ್ಬ ವ್ಯಾಪಾರಿಯಿಂದ ಇದು ಆಗುವ ಕೆಲಸವಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ವರ್ತಕರು ಒಟ್ಟಾಗಿ ಒಪ್ಪಿದರೆ ಮಾತ್ರ ಸಾಧ್ಯ.

ವಾಣಿಜ್ಯೋದ್ಯಮ ಸಂಸ್ಥೆಗಳು ಮಾಡಬಹುದಾದ ಕೆಲಸವೂ ಇದೆ. ಯಾವ ಬದಲಾವಣೆಗೆ ಅನುಮತಿ ಬೇಕು, ಯಾವುದು ಬರೇ ದುರಸ್ತಿ ಎಂಬುದರ ಬಗ್ಗೆ ಸಾರಿಗೆ ಇಲಾಖೆಯಿಂದ ಲಿಖಿತ ಸ್ಪಷ್ಟನೆ ಪಡೆದು ಸದಸ್ಯರಿಗೆ ಕನ್ನಡದಲ್ಲಿ ಮುಟ್ಟಿಸುವುದು ಮೊದಲನೆಯದು. ಮೆಣಸಿನಕಾಯಿ ಮತ್ತು ಮೆಕ್ಕೆಜೋಳದ ಹಂಗಾಮುಗಳ ಮುನ್ನ ಸ್ಟೇರಿಂಗ್, ಬ್ರೇಕು, ಕಮಾನುಗಳ ತಪಾಸಣಾ ಶಿಬಿರ ನಡೆಸುವುದು ಎರಡನೆಯದು. ಬುಷ್, ಶ್ಯಾಕಲ್ ಪಿನ್‌ನಂತಹ ಬಿಡಿಭಾಗಗಳನ್ನು ನಿಗದಿತ ಗುಣಮಟ್ಟದಲ್ಲಿ ತಯಾರಿಸಲು ಜಿಲ್ಲೆಯ ಸಣ್ಣ ಉದ್ಯಮಿಗಳಿಗೆ ಉತ್ತೇಜನ ನೀಡುವುದು ಮೂರನೆಯದು. ಹಳೆಯ ವಾಹನಗಳು ಇರುವವರೆಗೆ ಇವುಗಳಿಗೆ ಬೇಡಿಕೆ ಇದ್ದೇ ಇರುತ್ತದೆ.

ವಾಹನ ಮಾಲೀಕರು ಇಂದೇ ಅನುಸರಿಸಬಹುದಾದ ಕ್ರಮ ಸರಳವಾದುದು. ಕುಸಿದ ಕಮಾನನ್ನು ಅಷ್ಟೇ ಸಂಖ್ಯೆಯ ಹೊಸ ಪಾಟಾಗಳಿಂದ ಮೂಲಸ್ಥಿತಿಗೆ ತರಬೇಕು. ಯು-ಬೋಲ್ಟುಗಳನ್ನು ಕೆಲವು ದಿನ ಓಡಿಸಿದ ಬಳಿಕ ಮತ್ತೆ ಬಿಗಿಸಬೇಕು. ತಯಾರಕರು ಹೇಳಿದ ಅಳತೆಯ ಟೈರು ಮಾತ್ರ ತೊಡಿಸಬೇಕು. ಸ್ಟೇರಿಂಗ್ ಬದಲಿಸುವುದಾದರೆ ಮೊದಲು ನೋಂದಣಿ ಪ್ರಾಧಿಕಾರವನ್ನು ಲಿಖಿತವಾಗಿ ಕೇಳಿ, ವಿಮಾ ಸಂಸ್ಥೆಗೆ ತಿಳಿಸಿ, ಬಿಲ್ಲುಗಳನ್ನು ಆರ್‌ಸಿಯೊಡನೆ ಇಡಬೇಕು. ಇಷ್ಟಾದ ಮೇಲೂ ಈಗಿನ ವಾಹನ ಸರಕಿಗೆ ಸಾಲದೆಂದಾದರೆ, ವ್ಯಾಪಾರ ಬೆಳೆದಿದೆ ಎಂದರ್ಥ. ಬೆಳೆದ ವ್ಯಾಪಾರಕ್ಕೆ ಇನ್ನೊಂದು ಟ್ರಿಪ್ಪಿನ ಬಾಡಿಗೆ ಕೊಡುವುದು ಅಥವಾ ದೊಡ್ಡ ವಾಹನ ಕೊಳ್ಳುವುದು ಲೆಕ್ಕಕ್ಕೆ ಸಿಗುವ ಖರ್ಚು. ಹೆಚ್ಚಿನ ಎರಡು ಪಾಟಾಗಳ ಖರ್ಚು ಎಷ್ಟೆಂಬುದು ಮಾತ್ರ ಅಪಘಾತವಾದ ದಿನದವರೆಗೂ ಯಾರ ಪುಸ್ತಕದಲ್ಲೂ ಕಾಣಿಸದು.